ಮೂರನೆಯದು

ಸತ್ತದ್ದು ಮೂರನೆಯದು.
ಮೇಲೆ ಎರಡು, ಕೆಳಗೊಂದು ಮಿಣುಕುತ್ತಲೇ ಇದ್ದವು,
ಪಕ್ಕದ ಮನೆಯ ಜಗಳ ಕೇಳಿಸದವರ ಹಾಗೆ.
ಮುಚ್ಚಳ ಬಿಚ್ಚಿದರೆ ಫ್ಯಾನಿನ ರೆಕ್ಕೆಗೆ ಉಪ್ಪು,
ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು,
ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆ, ಒಂದು ಒಡೆದದ್ದು.
ಕಾರವಾರದಲ್ಲಿ ಕಿಟಕಿ ಮುಚ್ಚಿದರೂ
ಕಡಲು ಒಳಗೇ ಇರುತ್ತದೆ.

ರಾತ್ರಿ ಹನ್ನೊಂದೂ ಮುಕ್ಕಾಲು.
ರಕ್ತನಿಧಿ, ಲ್ಯಾಬು, ಹೆರಿಗೆ ವಾರ್ಡು, ಎಕ್ಸ್‌ರೇ,
ನಲವತ್ತೆಂಟು ತಂತಿ ಆ ಒಂದು ಪೆಟ್ಟಿಗೆಗೆ.
"ಎಂತಾ ಮಾಡೂದು ಬಾಯಿ ಈಗ?" ಎಂದ ಪುಂಡಲೀಕ ತಾಂಡೇಲ,
ರಾತ್ರಿ ಪಾಳಿಯ ಅಟೆಂಡರು, ಮೊಣಕಾಲು ನೋವಿನವ.
ಬೇರೆ ಪೆಟ್ಟಿಗೆ ಹುಬ್ಬಳ್ಳಿಯಿಂದ ಬರಬೇಕು,
ಅರಬೈಲು ಘಟ್ಟ ಇಳಿದು,
ಬಸ್ಸಿನ ಡ್ರೈವರನ ಸೀಟಿನ ಹಿಂದೆ ಕೂತು.

ಅಲ್ಲಿಯತನಕ ಅವನೇ ಓಡಿದ.
ಲ್ಯಾಬಿನ ಹುಡುಗಿ ಚೀಟಿ ಬರೆದಳು,
ಅವನು ಮೆಟ್ಟಿಲು ಹತ್ತಿದ. ಡಾಕ್ಟರು ಚೀಟಿ ಬರೆದರು, ಇಳಿದ.
ಹಿಮೋಗ್ಲೋಬಿನ್ನು ಆರು ಪಾಯಿಂಟು ಎರಡು, ಏಳನೇ ಹಾಸಿಗೆ.
ಸಕ್ಕರೆ ನಾನೂರು ದಾಟಿದೆ, ಇನ್ನೊಮ್ಮೆ ನೋಡಿ.
ಅಕ್ಷರ ತಿಳಿಯದಾದಾಗ ಬಾಯಲ್ಲೂ ಹೇಳಿದ.
ಎರಡು ಗಂಟೆಗೆ ಚಪ್ಪಲಿ ಬಿಚ್ಚಿಟ್ಟ.
ನಾನು ಕೆಳಗೆ ಕೂತು ಒಂದೊಂದೇ ತಂತಿಗೆ
ಬಿಳಿ ಪಟ್ಟಿ ಸುತ್ತಿ ನಂಬರು ಬರೆದೆ.
ಹಳೆಯ ಶಾಯಿ ಬೆವರಿಗೆ ಅಳಿಸಿಹೋಗಿತ್ತು.

ಬೆಳಗಿನ ಬಸ್ಸಿಗೆ ಬಂತು, ಹಳೇ ಚಾದರದಲ್ಲಿ ಸುತ್ತಿಕೊಂಡು.
ಹೊಸದಲ್ಲ. ಮುಚ್ಚಿಹೋದ ಯಾವುದೋ ಬ್ಯಾಂಕಿನದು.
ಅದೇ ಕಂಪನಿ, ಅದೇ ಮಾಡೆಲ್ಲು.
"ಹಾಕಿಬಿಡಿ ಮತ್ತೆ," ಎಂದ ಪುಂಡಲೀಕ.

ಹಾಗೆ ಹಾಕುವಂತಿಲ್ಲ ಮಾರಾಯಾ.
ನಾಲ್ಕು ಪೆಟ್ಟಿಗೆಯಾದರೂ ದೋಣಿ ಒಂದೇ,
ಒಂದು ದೋಣಿಗೆ ಒಬ್ಬನೇ ತಾಂಡೇಲ.
ಇದರ ತಲೆಯಲ್ಲಿ ಬ್ಯಾಂಕಿನ ಕಾಲದ ಹಿರಿತನ ಹಾಗೇ ಇದೆ.
ಎಲ್ಲ ಒಟ್ಟಿಗೇ ಎದ್ದರೆ ಚುಕ್ಕಾಣಿ ಇದರ ಕೈಗೆ,
ಉಳಿದ ಮೂರೂ ಆಸ್ಪತ್ರೆಯನ್ನು ಮರೆತು
ಠೇವಣಿ ಕೌಂಟರು ಹುಡುಕುತ್ತವೆ.

ಅವನು ನಕ್ಕ.
"ನಮ್ಮಲ್ಲಿ ಅಜ್ಜನ ಕಾಲಕ್ಕೇ ದೋಣಿ ಹೋಯ್ತು.
ಹೆಸರು ಮಾತ್ರ ಬಿಡಲಿಲ್ಲ ನೋಡಿ."

ಬೇರೆ ಮೇಜಿನ ಮೇಲಿಟ್ಟು, ಯಾರಿಗೂ ಜೋಡಿಸದೆ
ಕರೆಂಟು ಕೊಟ್ಟೆ. ಎಚ್ಚರಾಯಿತು.
ಪರದೆ ತುಂಬ ಅದರ ನೆನಪು:
ನಗದು ಒಂದು, ನಗದು ಎರಡು, ಲಾಕರು,
ಹನ್ನೆರಡನೆಯ ತೂತಿನ ಪಕ್ಕ ಯಾರೋ ಬರೆದದ್ದು,
ಮ್ಯಾನೇಜರ್ ಫೋನು, ಮುಟ್ಟಬೇಡಿ.
ಎಷ್ಟು ಬೈಸಿಕೊಂಡಿದ್ದನೋ ಪಾಪ.
ಎಲ್ಲ ಅಳಿಸಲೇ? ಎಂದು ಕೇಳಿತು.
ಚಹಾದ ಲೋಟ ಕೆಳಗಿಟ್ಟೆ.
ಹೌದು.
ಖಚಿತವೇ? ಎಂದಿತು ಮತ್ತೊಮ್ಮೆ.
ಹೌದು.

ಆಮೇಲೆ ಉಳಿದ ಮೂರರ ವಯಸ್ಸಿನ ಸಾಫ್ಟ್‌ವೇರು ತುಂಬಿ,
ನಿನ್ನ ನಂಬರು ಮೂರು ಎಂದು ಹೇಳಿ,
ಮತ್ತೆ ಮಲಗಿಸಿ,
ಎರಡಕ್ಕೂ ನಾಲ್ಕಕ್ಕೂ ನಡುವೆ ಎತ್ತಿ ಕೂಡಿಸಿದೆ.
ತಿರುಪು ಕಚ್ಚಲು ತಡಮಾಡಿತು, ಕೈಯೆಲ್ಲ ಅಂಟು.
ಹಿಂದಿನ ದಪ್ಪ ತಂತಿ ಮೇಲಿಂದ ಕೆಳಗೆ,
ಕಡೆಯದರಿಂದ ತಿರುಗಿ ಮೊದಲಿಗೆ.
ಉಂಗುರ ಕೂಡಿತು.
ನಲವತ್ತೆಂಟನ್ನೂ ಚುಚ್ಚಿದ್ದೇ ಕರೆಂಟು ಕೊಟ್ಟೆ.

ಹಳದಿ. ಬಹಳ ಹೊತ್ತು ಹಳದಿ.
ಬೈತಕೋಲಿನ ಕಡೆಯಿಂದ ಟ್ರಾಲರಿನ ಸದ್ದು,
ಕಾರಿಡಾರಿನಲ್ಲಿ ಫಿನಾಯಿಲು.
ಐದು ನಿಮಿಷ, ಆರು.
ಯಾರೂ ತಾಂಡೇಲತನಕ್ಕೆ ಜಗಳ ಆಡಲಿಲ್ಲ.
ಮೊದಲನೆಯದು ಮೊದಲನೆಯದಾಗಿಯೇ ಉಳಿದು
ತನ್ನಲ್ಲಿದ್ದ ಮೂರನೆಯದರ ಪಾಠವನ್ನು
ಅದಕ್ಕೆ ಹೇಳಿಕೊಟ್ಟಿತು.
ಒಂದು ತೂತು ಹಸಿರಾಯಿತು, ಇನ್ನೊಂದು,
ಆಮೇಲೆ ಎಣಿಸಲಿಲ್ಲ.
ಮೇಲಿಂದ ಯಾರೋ ಕೂಗಿದರು: ಬಂತು, ಬಂತು!

ತಿರುಗಿ ನೋಡಿದರೆ ಪುಂಡಲೀಕ ಬಾಗಿಲಲ್ಲಿ,
ಬರಿಗಾಲಲ್ಲಿ, ಏದುಸಿರು,
ಎಡಗೈಯಲ್ಲಿ ಮಡಚಿದ ಚೀಟಿ.
ಹನ್ನೊಂದನೇ ಹಾಸಿಗೆ, ಬಿ ನೆಗೆಟಿವ್, ಎರಡು ಬಾಟಲಿ.
ಅದಾಗಲೇ ಪರದೆಯಲ್ಲಿತ್ತು.

"ಇದನ್ನ ಈಗ ಎಂತ ಮಾಡಲಿ?" ಅಂದ.

ಕೊಟ್ಟೇ ಬಾ, ಅಂದೆ.
ಹೊರಟ, ಕಟಾಂಜನ ಹಿಡಿದು,
ಒಂದೊಂದೇ ಮೆಟ್ಟಿಲು.